ಆರಿದ್ರಾ ಮಳೆಗೆ ಪಾಠ ತಪ್ಪಿದೆ, ಏನು ಮಾಡಲಿ?

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯ ಹಳ್ಳಿಯವರು. ಬೆಂಗಳೂರಿನ ಕೆಲಸ ಬಿಟ್ಟು ಹೋದ ದೀಪಾವಳಿಗೆ ಊರಿಗೆ ಬಂದೆವು. ಯಜಮಾನರು ತೋಟ ನೋಡಿಕೊಳ್ಳುತ್ತಾರೆ. ಮೊದಲ ವರ್ಷ ಅಂತ ಅಡಿಕೆ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟಿದ್ದೆವು. ಮಗಳಿಗೆ 9 ವರ್ಷ, ಮಗನಿಗೆ 6. ಇಬ್ಬರಿಗೂ ನಾನೇ ಮನೆಯಲ್ಲಿ ಕಲಿಸುತ್ತಿದ್ದೇನೆ. ಬೇಸಿಗೆ ತನಕ ಬೆಳಿಗ್ಗೆ 9ರಿಂದ 1ರವರೆಗೆ ಪಾಠ ಚೆನ್ನಾಗಿ ನಡೆಯಿತು. ಮಳೆ ಹಿಡಿದ ಮೇಲೆ ಎಲ್ಲ ತಪ್ಪಿಹೋಗಿದೆ. ಕರೆಂಟ್ ಇರಲ್ಲ, ನೆಟ್ ಇರಲ್ಲ, ವೀಡಿಯೋ ಪಾಠ ನಿಂತಿದೆ. ಮಕ್ಕಳು ಒಳಗೇ ಇದ್ದು ಜಗಳ ಆಡುತ್ತಾರೆ, ನನಗೂ ಸಿಟ್ಟು ಬರುತ್ತದೆ. ಅತ್ತೆ ‘ಸುಮ್ನೆ ಶಾಲೆಗೆ ಕಳಿಸು’ ಅನ್ನುತ್ತಾರೆ. ಹೀಗೆ ಮನೆಯಲ್ಲಿ ಕಲಿಸುವುದು ಕಾನೂನಿಗೆ ವಿರುದ್ಧವಾ? ಹತ್ತನೇ ಕ್ಲಾಸ್ ಪರೀಕ್ಷೆಗೆ ಏನು ದಾರಿ? ನಾನು ಮಕ್ಕಳ ವರ್ಷ ಹಾಳು ಮಾಡುತ್ತಿದ್ದೇನಾ?

ಉತ್ತರ: ಇಲ್ಲ, ನೀವು ಮಕ್ಕಳ ವರ್ಷ ಹಾಳು ಮಾಡುತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕೊನೆಯ ಸಾಲು ಓದಿದಾಗ ನನಗೆ ನನ್ನ ಮೊದಲ ಮಳೆಗಾಲ ನೆನಪಾಯಿತು.

ನಮ್ಮದು ಶಿರಸಿ ಕಡೆಯ ಮನೆ. ಇಬ್ಬರು ಮಕ್ಕಳನ್ನು ಹನ್ನೆರಡು ವರ್ಷ ಮನೆಯಲ್ಲೇ ಓದಿಸಿದೆ. ಅದಕ್ಕೆ ಮುಂಚೆ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದೆ. ಹಾಗಾಗಿ ಗೋಡೆಗೆ ಟೈಮ್‌ಟೇಬಲ್ ಅಂಟಿಸಿಯೇ ಶುರು ಮಾಡಿದ್ದೆ. ಜುಲೈ ಬರುವಷ್ಟರಲ್ಲಿ ಆ ಹಾಳೆಗೆ ಬೂಷ್ಟು ಹಿಡಿದಿತ್ತು. ಒಂದು ದಿನ ಭಾಗಾಕಾರ ಬರಲಿಲ್ಲ ಎಂದು ಮಗಳಿಗೆ ಜೋರಾಗಿ ಬೈದೆ. ಮಾರನೇ ದಿನ ಲೆಕ್ಕದ ಪುಸ್ತಕ ಎಲ್ಲಿ ಹುಡುಕಿದರೂ ಇಲ್ಲ. ಸಂಜೆ ಬಚ್ಚಲೊಲೆಗೆ ಸೌದೆ ಎಳೆಯುವಾಗ ಸಿಕ್ಕಿತು. ಅವಳೇ ಸೌದೆ ಸಂದಿಯಲ್ಲಿ ಬಚ್ಚಿಟ್ಟಿದ್ದಳು. ಒದ್ದೆ ಪುಸ್ತಕ ಕೈಯಲ್ಲಿ ಹಿಡಿದು ಬಚ್ಚಲಲ್ಲೇ ಎಷ್ಟೋ ಹೊತ್ತು ಕೂತಿದ್ದೆ.

ಅಲ್ಲಿಂದ ನಾನು ಕಲಿತಿದ್ದು ಇಷ್ಟು. ಮಲೆನಾಡಿನ ಮನೆಯಲ್ಲಿ ಗಡಿಯಾರ ನೋಡಿ ಮಾಡಿದ ಟೈಮ್‌ಟೇಬಲ್ ಬಾಳಿಕೆ ಬರುವುದಿಲ್ಲ. ಇಲ್ಲಿ ಮಳೆಗಾಲಕ್ಕೆ ಒಂದು ದಿನಚರಿ, ಕೊಯ್ಲಿಗೆ ಇನ್ನೊಂದು, ಬೇಸಿಗೆಗೆ ಮತ್ತೊಂದು. ಪಾಠವೂ ಅದರ ಹಿಂದೆಯೇ ಹೋಗಬೇಕು. ನಿಮ್ಮ 9ರಿಂದ 1ರ ಪಾಠ ಚಳಿಗಾಲದಲ್ಲಿ ನಡೆಯಿತು ಅಂದಿರಿ. ಫಸಲು ಚೇಣಿಗೆ ಕೊಟ್ಟಿದ್ದಿರಿ, ಅದಕ್ಕೇ ನಡೆಯಿತು. ಈ ಸಲ ಕೊಯ್ಲು ನೀವೇ ಮಾಡಿಸಿದರೆ ಡಿಸೆಂಬರ್‌ನಲ್ಲೂ ಅದು ನಿಲ್ಲುತ್ತದೆ. ಆಗ ಮತ್ತೆ ನಿಮ್ಮನ್ನೇ ಬೈದುಕೊಳ್ಳಬೇಡಿ.

ಆದರೆ ಒಂದು ವಿಷಯದಲ್ಲಿ ನಾನು ಗಟ್ಟಿ. ಓದು-ಬರಹ ಅರ್ಧ ಗಂಟೆ, ಲೆಕ್ಕ ಅರ್ಧ ಗಂಟೆ ಯಾವ ಕಾಲದಲ್ಲೂ ತಪ್ಪಬಾರದು. ಮಗನಿಗೆ ಕಾಲು ಕಾಲು ಗಂಟೆ ಸಾಕು. ‘ಮಕ್ಕಳು ಪ್ರಕೃತಿಯಲ್ಲಿ ತಾವೇ ಕಲಿಯುತ್ತಾರೆ’ ಎಂದು ಕೈಬಿಟ್ಟ ಮನೆಗಳನ್ನೂ ನೋಡಿದ್ದೇನೆ. ಹಕ್ಕಿ, ಗಿಡ, ಹುಳ ಎಲ್ಲ ಮಕ್ಕಳು ತಾವೇ ಕಲಿತಾರು. ದಶಕ ತಂದು ಕಳೆಯುವುದು ಹಾಗೆ ಬರುವುದಿಲ್ಲ. ಒಂದು ಕೊಯ್ಲಿನಲ್ಲಿ ಆರು ವಾರ ಲೆಕ್ಕ ಬಿಟ್ಟಿದ್ದಕ್ಕೆ ನನ್ನ ಮಗ ಕಳೆಯುವ ಲೆಕ್ಕವನ್ನೇ ಮರೆತಿದ್ದ. ಮತ್ತೆ ಕಲಿಸಲು ಒಂದು ತಿಂಗಳು ಹಿಡಿಯಿತು. ಈ ಒಂದು ಗಂಟೆ ಬೆಳಿಗ್ಗೆ ತಿಂಡಿ ಆದ ಕೂಡಲೇ ಮುಗಿಯಲಿ. ಆಮೇಲಿನ ಹೊತ್ತನ್ನು ಆಯಾ ಕಾಲಕ್ಕೆ ಬಿಡಿ.

ಈಗ ಮಳೆಗಾಲಕ್ಕೆ ಬರೋಣ. ಇದು ಪಾಠ ಕೆಡುವ ಕಾಲ ಅಂದುಕೊಂಡಿದ್ದೀರಿ. ನನ್ನ ಅನುಭವದಲ್ಲಿ ವರ್ಷದ ಅತಿ ಒಳ್ಳೆಯ ಓದಿನ ಕಾಲ ಇದೇ. ನೆಂಟರು ಕಡಿಮೆ, ಹಬ್ಬ ಕಡಿಮೆ, ಅಂಗಳದ ಕೆಲಸ ಇಲ್ಲ.

ಮೊದಲು ಜಗಳದ ವಿಷಯ. ಆರು ವರ್ಷದ ಹುಡುಗನನ್ನು ಮೂರು ದಿನ ಒಳಗೇ ಇಟ್ಟರೆ ಜಗಳ ಆಡದೆ ಏನು ಮಾಡುತ್ತಾನೆ? ಮಳೆ ಇದ್ದರೂ ದಿನಕ್ಕೆ ಒಂದು ಗಂಟೆ ಹೊರಗೆ ಕಳಿಸಿ. ರೇನ್‌ಕೋಟ್ ಆಗಲಿ, ಕಂಬಳಿಕೊಪ್ಪೆ ಆಗಲಿ, ಯಾವುದಾದರೂ ಸರಿ. ಇಂಬಳ (ಜಿಗಣೆ) ಹತ್ತಿದರೆ ಉಪ್ಪು ಹಾಕಿದರಾಯಿತು. ಹಳ್ಳದ ಹತ್ತಿರ, ಕಾಲುಸಂಕದ ಮೇಲೆ, ಕರೆಂಟ್ ತಂತಿಯ ಕೆಳಗೆ ಮಾತ್ರ ಬಿಡಬೇಡಿ. ಗಾಳಿ ಜೋರಿರುವ ದಿನ ಮರದಡಿಗೂ ಬೇಡ. ವಾಪಸ್ ಬಂದ ಮೇಲೆ ಬಚ್ಚಲಲ್ಲಿ ಬಿಸಿ ನೀರು, ಒಣ ಬಟ್ಟೆ, ಕೈಗೆ ಹುರಿದ ಹಲಸಿನ ಹಪ್ಪಳ. ಆಮೇಲೆ ನೀವು ಕಥೆ ಓದಿ ಹೇಳಿ. ಆ ಹೊತ್ತಿನಲ್ಲಿ ಮಕ್ಕಳು ಕೇಳುವಷ್ಟು ಮನಸ್ಸಿಟ್ಟು ಬೇರೆ ಯಾವಾಗಲೂ ಕೇಳುವುದಿಲ್ಲ. ಒಂದು ಮಳೆಗಾಲದಲ್ಲಿ ನಾವು ಹೀಗೇ ಹತ್ತು ದಪ್ಪ ಪುಸ್ತಕ ಮುಗಿಸಿದ್ದೆವು. ಮಗನಿಗೆ ಅಕ್ಷರ ಪೂರ್ತಿ ಬರುವ ಮೊದಲೇ ಅವನ ಮಾತಿನಲ್ಲಿ ಪುಸ್ತಕದ ಶಬ್ದಗಳು ಬರುತ್ತಿದ್ದವು.

ಎರಡನೆಯದು ಮಳೆ ಅಳೆಯುವ ಬಾಟಲಿ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಮಳೆಗಾಲದ ಲೆಕ್ಕವೆಲ್ಲ ಇದರ ಸುತ್ತಲೇ ನಡೆಯಿತು. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಮೈ ನೇರವಾಗಿರುವಂಥದ್ದು ಬೇಕು, ಸೊಂಟ ಸಣ್ಣಗಿರುವುದು ಬೇಡ. ಕುತ್ತಿಗೆಯ ಕೆಳಗೆ ಕತ್ತರಿಸಿ, ಆ ತುಂಡನ್ನು ತಲೆಕೆಳಗು ಮಾಡಿ ಲಾಳಿಕೆಯ ಹಾಗೆ ಅದರೊಳಗೇ ಕೂರಿಸಿ. ತಳ ಉಬ್ಬು-ತಗ್ಗು ಇರುತ್ತದೆ, ಅಲ್ವಾ? ಅದಕ್ಕೆ ಕೆಳಗೆ ಸಣ್ಣ ಕಲ್ಲು ತುಂಬಿ, ಕಲ್ಲು ಮುಳುಗುವಷ್ಟು ನೀರು ಹಾಕಿ. ಆ ನೀರಿನ ಮಟ್ಟವೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಒಂದು ಸ್ಕೇಲ್ ಅಂಟಿಸಿ. ಮರದ ಹನಿ, ಸೂರಿನ ನೀರು ಬೀಳದ ಕಡೆ ಅಂಗಳದಲ್ಲಿ ಗಟ್ಟಿಯಾಗಿ ನಿಲ್ಲಿಸಿ. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಹಿಂದಿನ 24 ಗಂಟೆಯ ಮಳೆ ಅಳೆಯುತ್ತಾರೆ. ನೀವೂ ಅದೇ ಹೊತ್ತಿಗೆ ನೋಡಿ. ಬರೆದುಕೊಂಡು, ಸೊನ್ನೆಯ ಗೆರೆ ತನಕ ಚೆಲ್ಲಿ, ಮತ್ತೆ ಇಡಿ.

ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಇದನ್ನು ಮಗಳಿಗೆ ಹೇಳಿದ ದಿನ ಬಾಟಲಿಯಲ್ಲಿ 86 ಮಿ.ಮೀ. ಇತ್ತು. ಅವಳೂ ಅಪ್ಪನೂ ಸೇರಿ ಮನೆಯ ಮಾಡು (ಛಾವಣಿ) ಅಳೆದರು. ಉದ್ದ 12 ಮೀಟರ್, ಅಗಲ 8 ಮೀಟರ್. 96ನ್ನು 86ರಿಂದ ಗುಣಿಸಿದಳು. 8,256 ಲೀಟರ್! ಒಂದೇ ರಾತ್ರಿ ನಮ್ಮ ಹಂಚಿನ ಮೇಲೆ ಅಷ್ಟು ನೀರು. ಅವಳಿಗೆ ನಂಬಿಕೆ ಬರಲಿಲ್ಲ, ಮೂರು ಸಲ ಗುಣಿಸಿದಳು. ಆಗ ತಮ್ಮ ತಕರಾರು ತೆಗೆದ. ಮಾಡು ಇಳಿಜಾರು ಇದೆ, ಹಂಚಿನ ಉದ್ದ ಅಳೆದರೆ ಇನ್ನೂ ಜಾಸ್ತಿ ಆಗಬೇಕು ಅಂತ. ಎರಡು ದಿನ ಇದೇ ವಾದ. ಕೊನೆಗೆ ತಟ್ಟೆಯೊಂದನ್ನು ಓರೆ ಹಿಡಿದು ತೋರಿಸಿದೆವು. ಓರೆ ಮಾಡಿದಷ್ಟೂ ಅದರ ನೆರಳು ಚಿಕ್ಕದಾಗುತ್ತದೆ. ಮೇಲಿಂದ ನೇರ ಬೀಳುವ ಮಳೆಗೆ ಲೆಕ್ಕಕ್ಕೆ ಬರುವುದು ಆ ನೆರಳಿನ ಜಾಗ. ಏಳು ವರ್ಷದ ಹುಡುಗನಿಗೆ ಅದು ಹೊಳೆದಾಗಿನ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಿಮಗೆ ಇನ್ನೊಂದು ಭಾಗ್ಯ ಇದೆ. ಆಗುಂಬೆ ನಿಮ್ಮ ತಾಲ್ಲೂಕಿನಲ್ಲೇ ಇದೆ. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಜಾಸ್ತಿ ಮಳೆ. ಪೇಪರಿನಲ್ಲಿ ಬರುವ ಆಗುಂಬೆಯ ಅಂಕಿಯನ್ನು ನಿಮ್ಮ ಬಾಟಲಿಯ ಪಕ್ಕದಲ್ಲೇ ಬರೆಯಿಸಿ. ಲಿಂಗನಮಕ್ಕಿ ಅಣೆಕಟ್ಟಿನ ನೀರಿನ ಮಟ್ಟವನ್ನೂ ಬರೆಯಿಸಿ. ಅದರ ಗರಿಷ್ಠ ಮಟ್ಟ 1,819 ಅಡಿ. ಇವತ್ತು ಎಷ್ಟಿದೆ, ತುಂಬಲು ಎಷ್ಟು ಬೇಕು ಎಂದು ಮಗಳು ದಿನಾ ಕಳೆಯಲಿ. ನಿಮ್ಮ ಊರಿನ ನೀರು ತುಂಗೆ ಸೇರುತ್ತದೆ. ತುಂಗೆ ಕೂಡ್ಲಿಯಲ್ಲಿ ಭದ್ರೆಯ ಜೊತೆ ಸೇರಿ, ಹೊಸಪೇಟೆಯ ಅಣೆಕಟ್ಟು ದಾಟಿ, ಕೃಷ್ಣೆ ಸೇರಿ, ಬಂಗಾಳ ಕೊಲ್ಲಿಗೆ ಹೋಗುತ್ತದೆ. ಆಗುಂಬೆ ಘಟ್ಟದ ಆ ಕಡೆ ಬಿದ್ದ ಹನಿ ಸೀತಾ ನದಿಯಲ್ಲಿ ಇಳಿದು ಅರಬ್ಬೀ ಸಮುದ್ರ ಸೇರುತ್ತದೆ. ಮ್ಯಾಪ್ ಮೇಲೆ ಬೆರಳಿಟ್ಟು ಇದನ್ನು ಹಿಂಬಾಲಿಸಿದ ಮಗುವಿಗೆ ಕರ್ನಾಟಕದ ಅರ್ಧ ಭೂಗೋಳ ಬಂದ ಹಾಗೆಯೇ.

ಅತ್ತೆಯವರ ಬಗ್ಗೆ. ಅವರು ಶಾಲೆಗೆ ಕಳಿಸು ಅನ್ನುವುದು ಮೊಮ್ಮಕ್ಕಳ ಮೇಲಿನ ಕಾಳಜಿಗೆ. ಅವರ ಜೊತೆ ವಾದಕ್ಕೆ ಇಳಿಯಬೇಡಿ, ಪಾಠಕ್ಕೇ ಕರೆಯಿರಿ. ಮಳೆ ನಕ್ಷತ್ರಗಳನ್ನು ಅವರಷ್ಟು ಚೆನ್ನಾಗಿ ನಿಮಗೂ ನನಗೂ ಹೇಳಲು ಬರುವುದಿಲ್ಲ. ವರ್ಷದ 365 ದಿನಕ್ಕೆ 27 ನಕ್ಷತ್ರ. ಭಾಗಿಸಿದರೆ 13 ಬಂದು 14 ಉಳಿಯುತ್ತದೆ. ಹಾಗಾದರೆ ಆ ಉಳಿದ 14 ದಿನ ಎಲ್ಲಿ ಹೋದವು? ಮಗಳು ಪಂಚಾಂಗ ಹಿಡಿದು ಅಜ್ಜಿಯ ಜೊತೆ ಹುಡುಕಲಿ. ಕೆಲವು ಮಳೆಗೆ 13 ದಿನ, ಕೆಲವಕ್ಕೆ 14 ಎಂದು ಅವಳಿಗೇ ಗೊತ್ತಾಗುತ್ತದೆ. ಶೇಷ ಅಂದರೆ ಏನು ಎಂದು ಇದಕ್ಕಿಂತ ಚೆನ್ನಾಗಿ ಹೇಳಿಕೊಡಲು ನನಗೆ ಆಗಿಲ್ಲ. ಜೊತೆಗೆ ಗಾದೆ ಕೇಳಿ ಬರೆಸಿ. ‘ಆರಿದ್ರಾ ಮಳೆ ಹೊಯ್ದರೆ ದಾರಿದ್ರ್ಯ ಹೋಯ್ತು’, ‘ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು’. ಬಾಟಲಿಯ ಅಂಕಿಗಳನ್ನು ನಕ್ಷತ್ರದ ಪ್ರಕಾರ ಕೂಡಿಸಿ ಅಜ್ಜಿಯ ಮುಂದೆ ಇಟ್ಟರೆ, ‘ಈ ಸಲ ಪುನರ್ವಸು ಕೈಕೊಟ್ಟಿತು’ ಎಂದು ಅವರೇ ಚರ್ಚೆಗೆ ಬರುತ್ತಾರೆ. ನಮ್ಮ ಅತ್ತೆ ಆ ನೋಟ್‌ಬುಕ್ ಅನ್ನು ನೆಂಟರಿಗೆಲ್ಲ ತೆಗೆದು ತೋರಿಸುತ್ತಿದ್ದರು.

ಅಡುಗೆಮನೆಯಲ್ಲೂ ಈಗಲೇ ವಿಜ್ಞಾನ ಜಾಸ್ತಿ. ಪತ್ರೊಡೆಗೆ ಕೆಸುವಿನ ಎಲೆ ಕೊಯ್ದಾಗ ಕೈ ಯಾಕೆ ತುರಿಸುತ್ತದೆ? ಎಲೆಯೊಳಗೆ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ಅದಕ್ಕೇ. ಕಳಲೆಯನ್ನು (ಎಳೆ ಬಿದಿರನ್ನು) ಹೆಚ್ಚಿ, ದಿನಾ ನೀರು ಬದಲಿಸುತ್ತ ಮೂರು ದಿನ ಯಾಕೆ ನೆನೆಹಾಕುತ್ತೇವೆ? ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ವಿಷ ಇರುತ್ತದೆ, ನೀರಿಗೆ ಅದು ಬಿಟ್ಟುಕೊಳ್ಳುತ್ತದೆ. ತೋಟಕ್ಕೆ ಅಡಿಕೆಯ ಕೊಳೆರೋಗದ ಔಷಧಿ ಹೊಡೆಯುವ ದಿನ ಮಕ್ಕಳನ್ನು ದೂರದಲ್ಲಿ ನಿಲ್ಲಿಸಿ ತೋರಿಸಿ. 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ. ಹೊಳೆಯುವ ಕಬ್ಬಿಣದ ಕತ್ತಿಯನ್ನು ಅದ್ದಿ ತೆಗೆದಾಗ ಅದರ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಅಂತ ಅರ್ಥ. ಶೇಕಡಾ ಒಂದು ಅಂದರೇನು, ರಾಸಾಯನಿಕ ಕ್ರಿಯೆ ಅಂದರೇನು, ಎರಡೂ ಆ ಡ್ರಮ್ಮಿನಲ್ಲಿವೆ. ಮುಟ್ಟಲು ಮಾತ್ರ ಬಿಡಬೇಡಿ.

ವೀಡಿಯೋ ಪಾಠ ನಿಂತಿದ್ದಕ್ಕೆ ನನಗೆ ಬೇಸರವಿಲ್ಲ. ರಾಜ್ಯದ ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ನೆಟ್ ಬಂದ ದಿನ ಇಳಿಸಿಕೊಂಡು ಪೇಟೆಯಲ್ಲಿ ಪ್ರಿಂಟ್ ಹಾಕಿಸಿ. ಕಥೆ ಪುಸ್ತಕಕ್ಕೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ನಿಮ್ಮ ಮಗನಿಗೂ ಈಗ ಕಾರ್ಡ್ ಮಾಡಿಸಬಹುದು. ತನ್ನದೇ ಕಾರ್ಡ್ ಅಂದರೆ ಆ ವಯಸ್ಸಿಗೆ ದೊಡ್ಡ ವಿಷಯ.

ಇಬ್ಬರಿಗೂ ಬೇರೆ ಬೇರೆ ಪಾಠ ಮಾಡಿ ಸುಸ್ತಾಗುತ್ತೀರಿ ಅಂತ ನನ್ನ ಊಹೆ. ಹಾಗೆ ಮಾಡಬೇಡಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಪ್ರತಿ ಮಗುವೂ ತನ್ನ ಮೆಟ್ಟಿಲಿನಿಂದ ಮುಂದೆ ಹೋಗುತ್ತದೆ, ದೊಡ್ಡವರು ಚಿಕ್ಕವರಿಗೆ ಹೇಳಿಕೊಡುತ್ತಾರೆ. ಒಂದೇ ಬಾಟಲಿಯಿಂದ ಮಗ ಅಂಕಿ ಓದಲಿ, ಮಗಳು ಗುಣಿಸಲಿ.

ಕೊಯ್ಲಿನ ಕಾಲಕ್ಕೆ ಈಗಲೇ ಮನಸ್ಸು ಸಿದ್ಧ ಮಾಡಿಕೊಳ್ಳಿ. ಅಡಿಕೆ ಕೊಯ್ಯುವ ಕೊನೆಗೌಡ ಬಂದ ದಿನದಿಂದ ಮನೆ ನಿಮ್ಮ ಕೈಯಲ್ಲಿ ಇರುವುದಿಲ್ಲ. ಕೆಲಸದವರಿಗೆ ತಿಂಡಿ, ಊಟ, ಚಹಾ, ರಾತ್ರಿ ಸುಲಿಯುವವರು. ಆಗ ಬೆಳಗಿನ ಒಂದು ಗಂಟೆ ಬಿಟ್ಟು ಬೇರೇನೂ ಯೋಚಿಸಬೇಡಿ. ಆದರೆ ಲೆಕ್ಕದ ಪುಸ್ತಕ ಮಗಳ ಕೈಗೆ ಕೊಡಿ. ಯಾರು ಎಷ್ಟು ಸುಲಿದರು, ಕೂಲಿ ಎಷ್ಟಾಯಿತು, ಎಷ್ಟು ಹಸಿ ಅಡಿಕೆಗೆ ಎಷ್ಟು ಒಣ ಅಡಿಕೆ ಬಂತು. ನಮ್ಮ ಮಕ್ಕಳು ಒಂದು ವರ್ಷ 100 ಕೆ.ಜಿ. ಹಸಿ ಅಡಿಕೆಯನ್ನು ಬೇರೆಯೇ ಇಟ್ಟು, ಸುಲಿದು, ಬೇಯಿಸಿ, ಅಟ್ಟದ ಮೇಲೆ ಒಣಗಿಸಿ ತೂಗಿದರು. 13 ಕೆ.ಜಿ. ಬಂತು. ಉಳಿದ 87 ಕೆ.ಜಿ. ಎಲ್ಲಿ ಹೋಯಿತು ಎಂದು ಸಿಪ್ಪೆಯನ್ನೂ ತೂಗಿದರು. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಹತ್ತಿರ ಚಿಕ್ಕವನನ್ನು ಬಿಡಬೇಡಿ, ಅವನು ಗೋಟು (ಹಣ್ಣಡಿಕೆ) ಹೆಕ್ಕಲಿ, ಎಣಿಸಲಿ.

ಬೇಸಿಗೆ ತಾನಾಗಿಯೇ ಓಡುತ್ತದೆ. ಆಲೆಮನೆ, ಅಪ್ಪೆಮಿಡಿ, ಹಪ್ಪಳ, ರಾತ್ರಿ ಯಕ್ಷಗಾನ. ಮೇ ಕೊನೆಗೆ ಮಿಂಚುಹುಳ. ಆಗ ಊರಿನ ಶಾಲಾ ಮಕ್ಕಳಿಗೆಲ್ಲ ರಜ. ನಿಮ್ಮ ಮಕ್ಕಳಿಗೆ ಜೊತೆ ಬೇಕಾಗಿರುವುದು ಆಗ ಅಲ್ಲ, ಈಗ. ವಾರಕ್ಕೆ ಎರಡು ಸಂಜೆ ಅಕ್ಕಪಕ್ಕದ ಮಕ್ಕಳನ್ನು ಮನೆಗೆ ಕರೆಯಿರಿ. ಊರಿನ ಸರ್ಕಾರಿ ಶಾಲೆಯ ಮೇಷ್ಟ್ರ ಜೊತೆ ಒಳ್ಳೆಯ ಮಾತಿರಲಿ. ಸ್ವಾತಂತ್ರ್ಯ ದಿನಕ್ಕೆ, ಪ್ರತಿಭಾ ಕಾರ್ಯಕ್ರಮಕ್ಕೆ ನೋಡಲು ಕರೆದುಕೊಂಡು ಹೋಗಿ. ಮನೆಯಲ್ಲಿ ಕಲಿಸುವವರು ಶಾಲೆಯನ್ನು ದೂರ ಮಾಡಿಕೊಂಡರೆ ನಷ್ಟ ಮಕ್ಕಳಿಗೇ.

ಕಾನೂನಿನ ವಿಷಯ ನೇರವಾಗಿ ಹೇಳುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದು 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯ. ಅದರ 10ನೇ ಸೆಕ್ಷನ್ ಪ್ರಕಾರ ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ. ಆದರೆ ಸೇರಿಸದವರಿಗೆ ಆ ಕಾಯ್ದೆಯಲ್ಲಿ ದಂಡ ಹೇಳಿಲ್ಲ. ಮನೆಪಾಠವನ್ನು ಅದು ಹೆಸರಿಸಿ ಒಪ್ಪಿಯೂ ಇಲ್ಲ, ಬೇಡ ಅಂದೂ ಇಲ್ಲ. ಶಾಲೆ ಬಿಟ್ಟ ಮಕ್ಕಳ ಸಮೀಕ್ಷೆಗೆ ಯಾರಾದರೂ ಬಂದರೆ ಗಾಬರಿಯಾಗಬೇಡಿ. ದಿನದ ನೋಟ್‌ಬುಕ್, ಬರೆದ ಲೆಕ್ಕ, ಚಿತ್ರ ಎಲ್ಲ ದಿನಾಂಕ ಹಾಕಿ ಇಟ್ಟಿರಿ. ಒಂದು ವೇಳೆ ಶಾಲೆಯೇ ಸರಿ ಅನ್ನಿಸಿದರೆ 4ನೇ ಸೆಕ್ಷನ್ ಇದೆ. ಶಾಲೆಗೆ ಹೋಗದ ಮಗುವನ್ನೂ ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಿಕೊಳ್ಳಬೇಕು. ಬಾಗಿಲು ಮುಚ್ಚಿಲ್ಲ. ಹಾಗೆ ಕಳಿಸಿದರೆ ಅದು ಸೋಲೂ ಅಲ್ಲ.

ಪರೀಕ್ಷೆಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಇದೆ, ಎನ್‌ಐಒಎಸ್ ಅನ್ನುತ್ತಾರೆ. 14 ವರ್ಷ ತುಂಬಿದವರು ಹತ್ತನೇ ತರಗತಿಗೆ ನೋಂದಾಯಿಸಬಹುದು. ಐದು ವಿಷಯ ಪಾಸಾಗಬೇಕು. ನೋಂದಣಿ ಐದು ವರ್ಷ ನಡೆಯುತ್ತದೆ. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್, ಹೀಗೆ ವರ್ಷಕ್ಕೆ ಎರಡು ಸಲ ಪರೀಕ್ಷೆ. ಐದನ್ನೂ ಒಟ್ಟಿಗೇ ಬರೆಯಬೇಕಾಗಿಲ್ಲ. ನನ್ನ ಮಗಳು ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯಲ್ಲಿ ಓದಿ ಅಕ್ಟೋಬರ್‌ನಲ್ಲಿ ಮೂರು ಬರೆದಳು. ಕೊಯ್ಲು ಮುಗಿದ ಮೇಲೆ ಓದಿ ಉಳಿದ ಎರಡನ್ನು ಏಪ್ರಿಲ್‌ನಲ್ಲಿ ಬರೆದಳು. ನಿಮ್ಮ ಮಗಳಿಗೆ ಇನ್ನೂ ಐದು ವರ್ಷ ಇದೆ. ಈಗ ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ.

ಕೊನೆಗೆ ನಿಮ್ಮ ಸಿಟ್ಟಿನ ವಿಷಯ. ನಿಮ್ಮ ಪತ್ರದಲ್ಲಿ ಯಜಮಾನರು ಒಂದೇ ಸಲ ಬರುತ್ತಾರೆ, ಅದೂ ತೋಟದಲ್ಲಿ. ಕೊಯ್ಲಿನಲ್ಲಿ ಅವರಿಗೆ ಬಿಡುವಿಲ್ಲ, ಸರಿ. ಆದರೆ ಮಳೆ ಹಿಡಿದ ಮೇಲೆ, ತೋಟಕ್ಕೆ ಹೊಡೆಯುವ ಒಂದು ಔಷಧಿಗೂ ಇನ್ನೊಂದಕ್ಕೂ ನಡುವೆ ನಲವತ್ತು-ನಲವತ್ತೈದು ದಿನ ಇರುತ್ತದೆ. ಆಗ ಗಂಡಸರು ಮನೆಯಲ್ಲೇ ಜಾಸ್ತಿ ಇರುತ್ತಾರೆ. ನಿಮಗೆ ಮಾತ್ರ ಒದ್ದೆ ಬಟ್ಟೆ, ಹಸಿ ಸೌದೆ, ಇಬ್ಬರು ಮಕ್ಕಳು, ಎಲ್ಲ ಒಟ್ಟಿಗೇ. ಹಾಗಾಗಿ ಮಳೆಗಾಲದ ಲೆಕ್ಕದ ಪಾಠ ಪೂರ್ತಿ ಅಪ್ಪನದು ಆಗಲಿ. ಕೊಯ್ಲಿನಲ್ಲಿ ನೀವು ನೋಡಿಕೊಳ್ಳಿ. ನಮ್ಮ ಮನೆಯಲ್ಲಿ ಈ ಹಂಚಿಕೆ ಆಗಲು ಮೂರು ವರ್ಷ ಬೇಕಾಯಿತು, ನಾನು ಬಾಯಿ ಬಿಟ್ಟು ಕೇಳಿರಲೇ ಇಲ್ಲ. ನೀವು ಇವತ್ತೇ ಕೇಳಿ. ಈ ಉತ್ತರವನ್ನು ಅವರಿಗೂ ಓದಿ ಹೇಳಿ. ಬಾಟಲಿ ಕತ್ತರಿಸುವ ಕೆಲಸ ಅವರಿಗೇ ಇರಲಿ. ನಾಳೆ ಬೆಳಿಗ್ಗೆ ಎಂಟೂವರೆಗೆ ಅವರು ಇಬ್ಬರು ಮಕ್ಕಳನ್ನೂ ಕರೆದುಕೊಂಡು ಅಂಗಳಕ್ಕೆ ಹೋಗಲಿ. ಅಷ್ಟು ಹೊತ್ತು ನೀವು ಒಲೆ ಮುಂದೆ ಕೂತು ಒಂದು ಲೋಟ ಬಿಸಿ ಕಷಾಯ ಕುಡಿಯಿರಿ.